ಅಮ್ಮನ ರಮ್ ಉಂಡೆ

ಮಗಳು ಉಂಡೆಯನ್ನು ಬಾಯಿಗೆ ಹಾಕಿಕೊಂಡವಳೇ ಮುಖ ಕಿವುಚಿದಳು. ನುಂಗಿದ್ದೇನೋ ನುಂಗಿದಳು, ಜ್ವರದ ಮಾತ್ರೆ ನುಂಗಿದ ಹಾಗೆ.

"ಇದೂ ಅಲ್ಲ ಅಪ್ಪಾ. ಇದು ಅಮ್ಮನ ಉಂಡೆ ಅಲ್ವೇ ಅಲ್ಲ."

ಅಡುಗೆಮನೆಯ ಮೇಜಿನ ಮೇಲೆ ಆಗಲೇ ಮೂರು ಪಾತ್ರೆ ಕೂತಿದ್ದವು. ಪುಡಿ ಮಾಡಿದ ಬಿಸ್ಕತ್ತು, ಕೋಕೋ, ಕಂಡೆನ್ಸ್ಡ್ ಮಿಲ್ಕ್, ಒಂದಿಷ್ಟು ಒಣದ್ರಾಕ್ಷಿ, ರಮ್. ಬೇಯಿಸುವ ಗೊಡವೆಯಿಲ್ಲ, ಪಾಕದ ತಲೆನೋವಿಲ್ಲ, ಕಲಸಿ ಉಂಡೆ ಕಟ್ಟಿ ಸಕ್ಕರೆ ಪುಡಿಯಲ್ಲಿ ಹೊರಳಿಸಿದರೆ ಮುಗಿಯಿತು. ಅಂಥ ಸಿಹಿ ಬೆಳಗ್ಗೆಯಿಂದ ಮೂರು ಸಲ ಕೈಕೊಟ್ಟಿತ್ತು. ನಾಳೆ ಕ್ರಿಸ್‌ಮಸ್. ಅಮ್ಮ ಹೋದ ಮೇಲೆ ಇದೇ ಮೊದಲನೆಯದು. ಚರ್ಚಿನಿಂದ ನೆಂಟರೆಲ್ಲ ನೇರ ಇಲ್ಲಿಗೇ ಬರುತ್ತಾರೆ, ಬಂದವರೇ ಉಂಡೆಯ ತಟ್ಟೆ ಹುಡುಕುತ್ತಾರೆ.

"ಈ ರುಚಿಯೂ ಹೋದ್ರೆ ಅಮ್ಮ ಪೂರ್ತಿ ಹೋದ ಹಾಗೇ," ಅಂದಳು ಮಗಳು. ಕಣ್ಣು ತುಂಬಿಕೊಂಡಿತ್ತು.

ಮೂವತ್ತು ವರ್ಷ ಬಸ್ಸು ಓಡಿಸಿ ಮನೆಯಲ್ಲಿ ಕೂತಿದ್ದ ಅಪ್ಪ, ಉಂಡೆ ಕಟ್ಟುತ್ತಿದ್ದ ಕೈ ನಿಲ್ಲಿಸಿದ. ರುಚಿ ಯಾಕೆ ಬರುತ್ತಿಲ್ಲ ಎಂದು ಅವನಿಗೆ ಗೊತ್ತಿತ್ತು. ಬೆಳಗ್ಗೆ ಅವಳು ಟವೆಲ್ಲಿನಲ್ಲಿ ಸುತ್ತಿಕೊಂಡು ರಮ್ ಬಾಟಲಿ ತಂದು, "ಮನೇಲಿ ಇದ್ರೆ ನಿಮಗೇನೂ ಆಗಲ್ಲ ಅಲ್ವಾ?" ಎಂದು ಹಿಂಜರಿಯುತ್ತಾ ಕೇಳಿದಾಗಲೇ ಹೇಳಬಹುದಿತ್ತು. ಆದರೆ ಅದನ್ನು ಹೇಳಹೊರಟರೆ ಅದರ ಬೆನ್ನಿಗೇ ಇನ್ನೊಂದನ್ನೂ ಹೇಳಬೇಕಾಗುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಅದು ಗಂಟಲಲ್ಲೇ ಕೂತಿತ್ತು.

ಎಂಥ ಕ್ರಿಸ್‌ಮಸ್‌ಗಳು ಅವು! ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲ್ಲರೂ ನೋಡುತ್ತಿರುವಾಗಲೇ ಬಾಟಲಿ ಬಗ್ಗಿಸಿ ಧಾರಾಳವಾಗಿ ಸುರಿಯುತ್ತಿದ್ದಳು. ಅವಳ ತಮ್ಮನಂತೂ ಆರನೇ ಉಂಡೆಗೆಲ್ಲ "ಅಕ್ಕಾ, ತಲೆ ತಿರುಗ್ತಿದೆ" ಎನ್ನುತ್ತಾ ಕುರ್ಚಿಯನ್ನೇ ತಬ್ಬಿ ಕುಣಿಯುತ್ತಿದ್ದ. ತಟ್ಟೆ ತನ್ನ ಮುಂದೆ ಬಂದಾಗ ಅಪ್ಪ ಮಾತ್ರ ಕೈಯಡ್ಡ ಹಿಡಿಯುತ್ತಿದ್ದ. ಕುಡಿತ ಬಿಟ್ಟವನು, ಉಂಡೆಯನ್ನೂ ಮುಟ್ಟ! ಎಂಥ ಗಟ್ಟಿ ಮನುಷ್ಯ ಎಂದು ನೆಂಟರು ಹೊಗಳಿದ್ದೇ ಹೊಗಳಿದ್ದು. ನಮ್ಮಪ್ಪ ಬಿಟ್ಟರೆ ಬಿಟ್ಟ ಹಾಗೇ ಎಂದು ಮಗಳು ಗಂಡನ ಮನೆಯಲ್ಲೂ ಡಂಗುರ ಸಾರಿದ್ದಳು.

ಈಗ ಅವಳೇ ಎದುರಿಗೆ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಳು. ಅಪ್ಪನಿಗೆ ಸುಮ್ಮನಿರಲಾಗಲಿಲ್ಲ.

"ಪುಟ್ಟೀ, ನಾನು ಕುಡಿಯೋದು ಬಿಟ್ಟಾಗಿಂದ ನಿಮ್ಮಮ್ಮನ ಉಂಡೇಲಿ ರಮ್ ಇರ್ತಾನೇ ಇರ್ಲಿಲ್ಲ."

"ಏನ್ ಹೇಳ್ತಿದ್ದೀರಿ? ಸುರಿಯೋದನ್ನ ನಾನೇ ಕಣ್ಣಾರೆ ನೋಡಿದ್ದೀನಿ."

"ಬಾಟಲಿ ರಮ್ಮಿಂದೇ. ನನ್ನ ಕೊನೇ ಬಾಟಲಿ. ಒಳಗಿದ್ದದ್ದು ಟೀ ಡಿಕಾಕ್ಷನ್. ಅದಕ್ಕೆ ವಾಸನೆಗೆ ಅಂತ ನಾಕು ಹನಿ ರಮ್ ಎಸೆನ್ಸು. ಹೊಲಿಗೆ ಮಿಷನ್ನಿನ ಡ್ರಾಯರಲ್ಲಿ, ದಾರದುಂಡೆಗಳ ಹಿಂದೆ ನೋಡು. ಹಿಂದೆ ನಾನು ಬಚ್ಚಿಡ್ತಿದ್ದ ಜಾಗದಲ್ಲೇ ಅವಳೂ ಬಚ್ಚಿಟ್ಟಿದ್ಲು."

ಮಗಳು ಓಡಿಹೋಗಿ ಬೆರಳುದ್ದದ ಸೀಸೆ ಹಿಡಿದು ಬಂದಳು. ಕಾಲುಭಾಗ ಇನ್ನೂ ಉಳಿದಿತ್ತು.

"ಹಾಗಾದ್ರೆ ಮಾವ ಕುರ್ಚಿ ಹಿಡ್ಕೊಂಡು ಕುಣೀತಿದ್ದದ್ದು?"

"ಟೀ ತಲೆಗೇರಿ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಾ ನಗುತ್ತಾ ಮಗಳು ಕೇಳಿದಳು, "ಅಮ್ಮ ನಿಮಗೆ ಮಾತ್ರ ಹೇಳಿದ್ಲಾ?"

"ಯಾರಿಗೂ ಹೇಳಿರ್ಲಿಲ್ಲ."

"ಮತ್ತೆ ನಿಮಗೆ ಹೇಗೆ ಗೊತ್ತಾಯ್ತು?"

ಅಪ್ಪ ಕೈಗಂಟಿದ ಬಿಸ್ಕತ್ತಿನ ಪುಡಿಯನ್ನು ಉಜ್ಜುತ್ತಾ ನಿಂತ. ಏನಾದರೊಂದು ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. ಮನಸ್ಸು ಬರಲಿಲ್ಲ.

"ಬಿಟ್ಟು ಎರಡು ತಿಂಗಳಾಗಿತ್ತು, ಬಿಟ್ಟ ಮೇಲಿನ ಮೊದಲನೇ ಕ್ರಿಸ್‌ಮಸ್. ಹೊರಗಡೆ ಎಲ್ರೂ ಹಾಡ್ತಿದ್ರು. ನೀರು ಕುಡ್ಕೊಂಡು ಬರ್ತೀನಿ ಅಂತ ಇಲ್ಲಿಗೆ ಬಂದೆ. ಬಾಗಿಲು ಹಾಕ್ಕೊಂಡೆ. ಬಾಟಲಿ ಎತ್ತಿ ಗಟಗಟ ಅಂತ ಬಾಯಿಗೆ ಸುರ್ಕೊಂಡೆ." ಅವನ ಕಿವಿ ನಾಚಿಕೆಯಿಂದ ಬಿಸಿಯಾಯಿತು. "ಬಾಯೆಲ್ಲ ಕಹಿ. ತಣ್ಣಗಾದ ಕಡು ಡಿಕಾಕ್ಷನ್. ಎಸೆನ್ಸು, ಹನಿ ಲೆಕ್ಕ ಎಲ್ಲ ಆಮೇಲಿನ ವರ್ಷಗಳಲ್ಲಿ ಕದ್ದು ನೋಡಿದ್ದು. ಮುಚ್ಚಳ ಹಾಕಿ ಹೋಗಿ ಕೂತೆ. ತಟ್ಟೆ ಬಂತು, ಬೇಡ ಅಂದೆ. ಎಲ್ರೂ ಚಪ್ಪಾಳೆ ತಟ್ಟಿದ್ರು."

ಮಗಳು ತಿರುಗಿ ನಿಂತು ಟೀಪುಡಿಯ ಡಬ್ಬಿ ತೆಗೆದಳು. ಡಿಕಾಕ್ಷನ್ ಕುದಿಸಿ, ಲೋಟದಿಂದ ಲೋಟಕ್ಕೆ ಹುಯ್ದು ಆರಿಸಿ, ಎಸೆನ್ಸಿನ ನಾಲ್ಕು ಹನಿಯನ್ನು ತುಟಿಯಲ್ಲೇ ಎಣಿಸುತ್ತಾ ಹಾಕಿದಳು. ನಾಲ್ಕನೇ ಸಲ ಕಲಸಿ ಒಂದು ಉಂಡೆ ಕಟ್ಟಿ ಬಾಯಿಗಿಟ್ಟುಕೊಂಡಳು. ಕಣ್ಣು ತಾನಾಗಿ ಮುಚ್ಚಿತು. "ಅಮ್ಮಾ" ಎಂದಳು, ಪಕ್ಕದ ಕೋಣೆಯಲ್ಲಿರುವವರನ್ನು ಕರೆದ ಹಾಗೆ.

ಇನ್ನೊಂದನ್ನು ಅಪ್ಪನ ಬಾಯಿಗೆ ತುರುಕಿದಳು. ಅವನು ಅದನ್ನು ತಿನ್ನುತ್ತಿದ್ದದ್ದು ಜೀವಮಾನದಲ್ಲೇ ಮೊದಲು. ಕುಡಿಯುವ ಕಾಲದಲ್ಲಿ ಬಾಟಲಿಯೇ ಕೈಯಲ್ಲಿರುವಾಗ ಉಂಡೆ ಯಾರಿಗೆ ಬೇಕಿತ್ತು? ಬಿಟ್ಟ ಮೇಲೆ, ಹೊಗಳಿದವರ ಎದುರು ಮುಟ್ಟುವ ಹಾಗಿರಲಿಲ್ಲ. ಹೆಂಡತಿ ಇದ್ದಾಗಲೇ ಒಂದು ತಿಂದಿದ್ದರೆ ಅವಳಿಗೆಷ್ಟು ಖುಷಿಯಾಗುತ್ತಿತ್ತೋ ಅನಿಸಿತು.

"ನೀವು ಬಾಟಲಿ ಎತ್ತಿದ್ದು ಅಮ್ಮನಿಗೆ ಗೊತ್ತಾಗಿತ್ತಾ ಅಪ್ಪಾ?" ಮಗಳು ಮೆಲ್ಲಗೆ ಕೇಳಿದಳು.

"ಬಾಯಿಬಿಟ್ಟು ಒಂದು ಮಾತೂ ಆಡ್ಲಿಲ್ಲ," ಅಂದ ಅಪ್ಪ. "ಈ ಸಲ ನಿಜವಾದದ್ದೇ ಇರಬಹುದು ಅಂತ ಮರುವರ್ಷ ಮತ್ತೆ ಎತ್ತಿದೆ ನೋಡು, ಆ ಟೀಗೆ ಸಕ್ಕರೆ ಹಾಕಿಟ್ಟಿದ್ಲು."