ಟಾರ್ಚ್ ಹಿಡಿಯುವ ಕೈ

ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಅಣ್ಣ "ಬೆಳಕು!" ಎಂದಾಗ ಟಾರ್ಚ್ ಹಿಡಿದದ್ದು ಅತ್ತಿಗೆ. ಅವಳು ಬರುವ ಮುಂಚೆ ಗ್ಯಾರೇಜಿನಲ್ಲಿ ಆ ಕೆಲಸ ಪುಟ್ಟಿಯದಾಗಿತ್ತು. ಈಗ ಪುಟ್ಟಿ ದೂರ ನಿಂತು ಸ್ಪ್ಯಾನರ್ ಒರೆಸುತ್ತಿದ್ದಳು. ಕಣ್ಣು ಮಾತ್ರ ಆ ಟಾರ್ಚಿನ ಮೇಲೇ ಇತ್ತು.

"ಏಸಿ ತಣ್ಣಗಾಗ್ತಿದೆ, ಆದ್ರೆ ಗಾಳಿನೇ ಬರ್ತಿಲ್ಲ. ಫಿಲ್ಟರ್ ಹೋದ ವಾರ ನಮ್ಮ ಪುಟ್ಟಿನೇ ಹೊಸದು ಹಾಕಿದಾಳೆ, ಅದರಲ್ಲಿ ದೋಷ ಇರಲ್ಲ. ಮೋಟಾರೇ ಕೈಕೊಟ್ಟಿರಬೇಕು," ಎಂದು ಅಣ್ಣ ಸ್ಕ್ರೂಡ್ರೈವರ್ ತರಲು ಒಳಗೆ ಹೋದ.

ಅತ್ತಿಗೆ ಸುಮ್ಮನೆ ಫಿಲ್ಟರ್ ಹೊರಗೆಳೆದಳು. ಅದರ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು! ಪುಟ್ಟಿಯ ಜೀವ ಬಾಯಿಗೆ ಬಂತು. ಅದನ್ನು ಹಾಕುವಾಗ ಅವಳ ಕಣ್ಣು ಕೈಮೇಲಿರಲಿಲ್ಲ, ಆಚೆ ನಗುತ್ತಿದ್ದ ಅಣ್ಣ ಅತ್ತಿಗೆಯರ ಮೇಲಿತ್ತು. ಅತ್ತಿಗೆ ಅವಳನ್ನೊಮ್ಮೆ ನೋಡಿ, ಕವರ್ ಕಿತ್ತು ಮುದುರಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಫಿಲ್ಟರ್ ಒಳಗೆ ತಳ್ಳಿದಳು. "ರೀ, ಬನ್ನಿ. ಒಣಗಿದ ಎಲೆ ಸಿಕ್ಕಿಕೊಂಡಿತ್ತು, ತೆಗೆದೆ."

ಅಣ್ಣ ಬಂದು ಸ್ವಿಚ್ ಒತ್ತಿದ, ಗಾಳಿ ರೊಯ್ಯನೆ ಬಂತು. "ನಿನ್ನ ಕೈಗುಣಾನೇ ಬೇರೆ ಕಣೇ!" ಅಣ್ಣ ಹಿಗ್ಗಿ, ಬಿಚ್ಚಿದ್ದನ್ನು ಕೂರಿಸಲು ಬಗ್ಗಿದ. "ತಗೋ ಪುಟ್ಟಿ, ನೀನೇ ಹಿಡಿ. ನಂಗೆ ಕೈ ನೋಯ್ತಿದೆ," ಎಂದು ಅತ್ತಿಗೆ ಟಾರ್ಚ್ ಚಾಚಿದಳು. ಬೈದಿದ್ದರೆ ಪುಟ್ಟಿ ಅತ್ತು ಹಗುರಾಗುತ್ತಿದ್ದಳು. ಟಾರ್ಚ್ ಇನ್ನೂ ಅತ್ತಿಗೆಯ ಅಂಗೈಯಷ್ಟೇ ಬೆಚ್ಚಗಿತ್ತು. ಬೆಳಕು ಬಿಡುವ ಮೊದಲು ಪುಟ್ಟಿ ಆ ಬಿಸುಪು ಹೋಗುವಂತೆ ಅದನ್ನು ಲಂಗಕ್ಕೆ ಗಸಗಸನೆ ಒರೆಸಿದಳು.