ಚರಗ ಚೆಲ್ಲಿದ ಕೈ

ಹೊಲದ ಬದುವಿನ ಬನ್ನಿಗಿಡದ ಬುಡದಲ್ಲಿ ಕೂತು ನೇತ್ರಾ ಅನ್ನ, ಮುರಿದ ಸಜ್ಜಿ ಕಡುಬು, ಬದನೆಕಾಯಿ ಪಲ್ಯ ಎಲ್ಲವನ್ನೂ ಬುಟ್ಟಿಯಲ್ಲಿ ಕಲಸುತ್ತಿದ್ದಳು. ಎಳ್ಳಮಾಸಿ ಹಬ್ಬದ ಚರಗ. ಭೂಮಿತಾಯಿಗೆ ಉಣಿಸಿ, ಹೊಲದ ತುಂಬ ಚೆಲ್ಲಿ ಬಂದ ಮೇಲೆಯೇ ಮನೆಯವರು ಉಣ್ಣುವುದು. ಬದಿಯಲ್ಲಿ ಮಗ ಪ್ರಭು ಮಣ್ಣು ಕೆದಕುತ್ತಿದ್ದ. ದಿನ ತುಂಬುವ ಮೊದಲೇ ಹುಟ್ಟಿ, ಮೂಗಿಗೆ ಹಾಕಿದ ನಳಿಕೆಯಲ್ಲಿ ಹಾಲು ಇಳಿಸಿಕೊಂಡು ಬದುಕಿದವನು. ನಳಿಕೆ ತೆಗೆದು ವರ್ಷಗಳೇ ಕಳೆದಿದ್ದವು. ಇವತ್ತಿಗೂ ಬಾಟಲಿಯ ಗಂಜಿ ಬಿಟ್ಟರೆ ಬೇರೇನೂ ಇಲ್ಲ. ತುತ್ತು ಹತ್ತಿರ ಬಂದರೆ ತುಟಿ ಬಿಗಿಹಿಡಿದು ನಡುಗುತ್ತಿದ್ದ.

ಬಾಜೂ ಹೊಲದ ಕಾಶೆವ್ವ ಬುತ್ತಿ ಹೊತ್ತು ಬಂದವಳು ನಿಂತಳು. "ಇನ್ನೂ ಬಾಟ್ಲಿನ ಏನವಾ ನಿನ್ನ ಮಗಂದು? ಎರಡ ದಿನ ಉಪಾಸ ಕೆಡವು, ಕಲ್ಲ ಕೊಟ್ರೂ ತಿಂತಾನ."

"ಕೆಡವಿ ನೋಡೇವಿ. ಸಲಾಯಿನ್ ಹಚ್ಚಿಸಿಕೊಂಡ ಬಂದ್ವಿ," ನೇತ್ರಾಳ ಅತ್ತೆ ಶಿವಗಂಗವ್ವ ಸೆರಗು ಸಿಕ್ಕಿಸುತ್ತ ಅಂದಳು. "ಕಲ್ಲ ನೀ ತಿನ್ನು. ನಿನ್ನ ಹಲ್ಲ ಗಟ್ಟಿ ಅದಾವು."

ಕಾಶೆವ್ವ ನಗುತ್ತ ಮುಂದೆ ಹೋದಳು. ನೇತ್ರಾಳಿಗೆ ನಗು ಬರಲಿಲ್ಲ. ಯಾರದೋ ಕಟ್ಟೆಯ ಮೇಲೆ ತಾಯಿಯೊಬ್ಬಳು ರೊಟ್ಟಿ ಮುರಿದು ಮಗುವಿನ ಬಾಯಿಗಿಡುವುದು ಕಂಡರೆ ಸಾಕು, ಅವಳ ಕಾಲು ಅಲ್ಲೇ ನಿಂತುಬಿಡುತ್ತಿತ್ತು. ಒಂದೇ ಒಂದು ತುತ್ತು, ತನ್ನ ಕೈಯಿಂದ. 'ಅವನು ಅನ್ನ ಮುಟ್ಟಲಿ, ಚೆಲ್ಲಲಿ. ನೀವು ಬಾಯಿಗೆ ಇಡಬ್ಯಾಡ್ರಿ' ಎಂದು ಗೋಕಾಕದ ಡಾಕ್ಟರಬಾಯಿ ಎಷ್ಟು ಸಲ ಹೇಳಿದ್ದರೋ. ಆದರೆ ಅನ್ನ ಚೆಲ್ಲಲು ಮನೆಯಲ್ಲಿ ಯಾರ ಜೀವ ಒಪ್ಪುತ್ತದೆ?

ಶಿವಗಂಗವ್ವ ಬುಟ್ಟಿ ಎತ್ತಿ ಜೋಳದ ಸಾಲಿಗೆ ಒಂದು ಹಿಡಿ ಬೀರಿದಳು. ಪ್ರಭು ತಲೆಯೆತ್ತಿದ. ಹಿಂದಿನ ಸಲ ಅವನನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.

"ಆಯಿ, ನಾನೂ ಒಗೀಲಿ?" ಅಜ್ಜಿಯನ್ನು ಕೇಳಿದ.

"ಒಗಿಯಪ್ಪಾ. ಇವತ್ತ ಯಾರೂ ಬೈಯಂಗಿಲ್ಲ."

ಒಂದು ಬೆರಳು ಅದ್ದಿದ. ಅಂಗಿಗೆ ಒರೆಸಿಕೊಂಡ. ಮತ್ತೆ ಅದ್ದಿದ. ಆಮೇಲೆ ಮುಷ್ಟಿ ತುಂಬಿ ಎಸೆದು ಕೇಕೆ ಹಾಕಿದ. ಸಾಲಿನಿಂದ ಸಾಲಿಗೆ ಅಜ್ಜಿಯ ಹಿಂದೆ ಓಡಿದ. ಮೊಣಕೈವರೆಗೂ ಅನ್ನ, ಪಲ್ಯದ ಎಣ್ಣೆ.

ಬುಟ್ಟಿ ಬರಿದಾಯಿತು. ಅವನ ಕೈ ತೊಳೆಯಲು ನೀರು ತರಲೆಂದು ನೇತ್ರಾ ಬನ್ನಿಗಿಡದ ಕಡೆ ಹೊರಟಳು. ಹಿಂದಿನಿಂದ ಬಂದ ಅತ್ತೆ ಅವಳ ತೋಳು ಹಿಡಿದಳು.

"ಹೊಳ್ಳಿ ನೋಡಬ್ಯಾಡ," ಪಿಸುದನಿಯಲ್ಲಿ ಅಂದಳು. "ಕೈ ನೆಕ್ಕಾಕತ್ತಾನ."

"ಒಂದ ಸಲ ನೋಡ್ತೇನ್ರಿ, ಅತ್ತಿ."

"ನೋಡಿದ್ರ ನಿನ್ನ ಕೈ ಸುಮ್ಮನ ಇರಂಗಿಲ್ಲ, ಇನ್ನೊಂದ ತುತ್ತ ತಗೊಂಡ ಓಡ್ತಿ. ನಿಮ್ಮ ಮಾವನೂ ಹಿಂಗ. ನಾ ಎದುರಿಗೆ ಕುಂತ್ರ ಅವರಿಗೆ ಊಟನ ಸೇರತಿರಲಿಲ್ಲ."

ಬೆನ್ನ ಹಿಂದೆ ಸಣ್ಣಗೆ ಚಪ್ಪರಿಸುವ ಸದ್ದು. ನಿಂತಿತು. ಮತ್ತೆ ಕೇಳಿಸಿತು. ಖಾರ ಹತ್ತಿರಬೇಕು, ಮೂಗು ಎಳೆದುಕೊಂಡ, ಆದರೂ ಬಿಡಲಿಲ್ಲ. ಅವನು ಬಾಯಿಬಿಟ್ಟು ಕೇಳುವವರೆಗೆ ಇನ್ನು ತುತ್ತು ಹಿಡಿದು ಅವನ ಮುಂದೆ ಕೂರುವುದಿಲ್ಲ ಎಂದು ನೇತ್ರಾ ನಿಂತಲ್ಲೇ ನಿಶ್ಚಯ ಮಾಡಿಕೊಂಡಳು. ಕೇಳದೆಯೇ ದೊಡ್ಡವನಾದರೂ ಸರಿ. ಅತ್ತೆಗೂ ಹೇಳಲಿಲ್ಲ. ಎದುರಿನ ಜೋಳದ ದಂಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಅದು ಲಟಕ್ಕನೆ ಮುರಿಯಿತು. ಅವಳು ತಿರುಗಲಿಲ್ಲ.