ಆಳದಿಂದ ಬಂದ ನೀಲಿ ಮೀನುಗಳು

"ಬಾಯಿ ಬಿಡೋ! ತೊಟ್ಟಿಗೆ ಏನು ಹಾಕ್ದೆ?"

ಚಿಪೇಟಾ ಸಾಹೇಬ ಗದರಿದ. ಸರೋವರಕ್ಕೆ ಮುಳುಗಿ ಬಣ್ಣದ ಮೀನು ಹಿಡಿದು ತರುವ ವೈಸನ್ ಬಾಯೇನೋ ಬಿಟ್ಟ, ಮಾತು ಹೊರಡಲಿಲ್ಲ. ನಾಲಿಗೆ ತೊದಲಿತು. ಏಳಲು ಹೋದವನು ತೊಟ್ಟಿಯ ಅಂಚು ಹಿಡಿದು ಮತ್ತೆ ಕುಸಿದು ಕೂತ.

"ನೋಡ್ದೇನಮ್ಮ ಎಲುಬಿ, ನಿನ್ನ ತಮ್ಮನ್ನ? ಹಾಡಹಗಲೇ ಕಚಾಸು ಸಾರಾಯಿ ಏರಿಸ್ಕೊಂಡಿದ್ದಾನೆ. ಬಾಟ್ಲೀನೇ ತೊಟ್ಟಿಗೆ ಸುರಿದಿದ್ದಾನೋ ಏನೋ!"

ತೊಟ್ಟಿಯ ಮೀನುಗಳ ಆರೈಕೆ ಮಾಡುವ ಎಲುಬಿ ತಮ್ಮನ ಕಡೆ ನೋಡಲಿಲ್ಲ. ನಾಚಿಕೆಯಿಂದ ಅವಳ ಮುಖ ಉರಿಯುತ್ತಿತ್ತು. ಇನ್ನು ಮುಟ್ಟುವುದಿಲ್ಲ ಎಂದು ಈಸ್ಟರ್ ದಿನ ಇಡೀ ಚರ್ಚಿನ ಮುಂದೆ ಆಣೆಯಿಟ್ಟವನು ಇವನು. ಆ ಆಣೆಯನ್ನು ನಂಬಿಯೇ ಅವಳು ಸಾಹೇಬನ ಕೈಕಾಲು ಹಿಡಿದು ಕೆಲಸ ಕೊಡಿಸಿದ್ದಳು. ಮಲಾವಿ ಸರೋವರದ ಈ ದಡದಲ್ಲಿ ಒಮ್ಮೆ ವಿಷ ಹಾಕಿದವನೆಂದು ಹೆಸರು ಬಿದ್ದರೆ ಮುಗಿಯಿತು, ಯಾವ ದೋಣಿಯೂ ಅವನನ್ನು ಹತ್ತಿಸಿಕೊಳ್ಳುವುದಿಲ್ಲ.

ತೊಟ್ಟಿಯ ತುಂಬ ನೀಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬೆಳಗ್ಗೆಯಷ್ಟೇ ವೈಸನ್ ಗಾಳಿಯ ಕೊಳವೆ ಕಚ್ಚಿಕೊಂಡು ಬಂಡೆಗಳ ಬುಡಕ್ಕಿಳಿದು ಹಿಡಿದಿದ್ದ ಮೀನುಗಳು ಅವು. ಬೇರೆ ಯಾರೂ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಪರದೇಶದವರು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಲು ಇದೇ ಜಾತಿ ಬೇಕೆಂದು ಕೇಳಿದ್ದರು.

"ಸ್ವಲ್ಪ ತಡೀರಿ ಸಾಹೇಬ್ರೆ. ಮೀನನ್ನೇ ಕೇಳೋಣ," ಎಂದಳು ಎಲುಬಿ.

ಅವಳು ಮೊದಲು ನೀರು ಮೂಸಿದಳು. ಸೋಪಿಲ್ಲ, ಔಷಧಿಯ ವಾಸನೆಯಿಲ್ಲ. ಈ ತೊಟ್ಟಿಗೆ ಬರುವ ನೀರೇ ಹರಿಯುವ ಪಕ್ಕದ ತೊಟ್ಟಿಯಲ್ಲಿ ಹಳದಿ ಮೀನುಗಳು ಒಂದನ್ನೊಂದು ಅಟ್ಟಿಸಿಕೊಂಡು ಆಡುತ್ತಿದ್ದವು. ಸತ್ತದ್ದೊಂದನ್ನು ಎತ್ತಿ ಕಿವಿರು ಬಿಡಿಸಿದಳು. ಕೆಂಪಗಿತ್ತು. ಮೈಮೇಲೆ ಬಿಳಿ ಚುಕ್ಕೆಯಿಲ್ಲ, ಬೂಷ್ಟಿಲ್ಲ. ಹೊಟ್ಟೆ ಮಾತ್ರ ತಮಟೆಯ ಹಾಗೆ ಬಿಗಿದಿತ್ತು. ಕಣ್ಣುಗುಡ್ಡೆಗಳು ಹೊರಬಂದಿದ್ದವು.

"ಅಕ್ಕಾ... ಕೈ..." ವೈಸನ್ ಹಿಂದಿನಿಂದ ನರಳಿದ. ಮೊಣಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದ.

"ಎಲ್ಲಿ ಬಿದ್ದು ಬಂದ್ಯೋ ಏನೋ. ಸುಮ್ನೆ ಕೂತ್ಕೋ, ಮಾನ ಕಳೀಬೇಡ!"

ರೆಕ್ಕೆಯನ್ನು ಬಿಸಿಲಿಗೆ ಹಿಡಿದಳು. ತೆಳುಪೊರೆಯೊಳಗೆ ಸಾಸಿವೆಯಂಥ ಗುಳ್ಳೆಗಳು. ಅವಳಿಗೆ ಹೋದ ಜೀವ ಬಂದಂತಾಯಿತು.

"ಲಾಮೆಕ್, ಇಲ್ಲಿ ಬಾ. ಡ್ರಮ್ಮು ಹೇಗೆ ಮೇಲೆ ಬಂತು?"

ದೋಣಿಯ ಲಾಮೆಕ್ ತಲೆ ಕೆರೆದುಕೊಂಡ. ಆಳದ ಮೀನನ್ನು ತೂತಿನ ಡ್ರಮ್ಮಿಗೆ ಹಾಕಿ, ಹಗ್ಗದಲ್ಲಿ ಕಟ್ಟಿ, ಸ್ವಲ್ಪ ಎತ್ತಿ ಒಂದು ರಾತ್ರಿ ಬಿಟ್ಟು, ಮತ್ತೆ ಸ್ವಲ್ಪ ಎತ್ತುವುದು ಅಲ್ಲಿಯ ರೂಢಿ.

"ಕೊಳವೆಗೆ ಗಾಳಿ ಬಿಡೋ ಮೆಷಿನ್ ಕೆಟ್ಟೋಯ್ತಕ್ಕ. ಬಹಳ ಹೊತ್ತಿಂದ ಕೆಳಗೇ ಇದ್ದ ಇವನು. ಹಗ್ಗ ಜಗ್ಗಾಡ್ದ, ನಾವು ದಬದಬ ಎಳೆದ್ವಿ. ಡ್ರಮ್ಮನ್ನ ತಬ್ಕೊಂಡೇ ಬಂದ, ಹೆಂಡ್ತೀನ ತಬ್ಕೊಂಡಂಗೆ. ಬಿಡೋ ಅಂದ್ರೂ ಬಿಡ್ಲಿಲ್ಲ."

"ಕೇಳಿದ್ರಾ ಸಾಹೇಬ್ರೆ?" ಎಲುಬಿಯ ದನಿ ಏರಿತು. "ವಿಷಾನೂ ಇಲ್ಲ, ರೋಗಾನೂ ಇಲ್ಲ. ಆಳದಲ್ಲಿ ನೀರು ಮೈನ ಅದುಮಿಟ್ಟಿರುತ್ತೆ. ಒಂದೇ ಸಲಕ್ಕೆ ಮೇಲೆ ತಂದ್ರೆ ಒಳಗಿನ ಗಾಳಿ ಉಬ್ಬುತ್ತೆ. ಸೋಡಾ ಮುಚ್ಚಳ ತೆಗೆದಂಗೆ ರಕ್ತ ನೊರೆ ಏಳುತ್ತೆ. ನಿಮ್ಮ ಮೀನು ಕೈತಪ್ಪಬಾರ್ದು ಅಂತ ತಂದಿದ್ದಾನೆ ಪಾಪ, ಕೊಲ್ಲೋಕಲ್ಲ."

ಚಿಪೇಟಾ ಮೀನನ್ನು ನೋಡಿದ, ರೆಕ್ಕೆಯನ್ನು ಬಿಸಿಲಿಗೆ ಹಿಡಿದು ನೋಡಿದ. ನಿಟ್ಟುಸಿರು ಬಿಟ್ಟ.

"ಹೋಗ್ಲಿ, ಕೆಲಸದಿಂದ ತೆಗೆಯಲ್ಲ. ಆದ್ರೆ ನನ್ನ ಅಂಗಳದಲ್ಲಿ ಕುಡಿದು ತೂರಾಡೋದು ಬೇಡ. ಎಲ್ಲಾದ್ರೂ ಮಲಗಿಸಿ, ನಶೆ ಇಳೀಲಿ."

ಲಾಮೆಕ್ ಅವನನ್ನು ಎಳೆದೊಯ್ದು ಮಾವಿನ ಮರದ ನೆರಳಲ್ಲಿ ಮಲಗಿಸಿದ. ದಾರಿಯುದ್ದಕ್ಕೂ ಅವನ ಕಾಲುಗಳು ನೆಲಕ್ಕೆ ಉಜ್ಜುತ್ತ ಬಂದಿದ್ದವು. "ಎಂಥಾ ಮಾಲು ಕುಡಿದ್ಯೋ ಮಾರಾಯ, ನಮಗೂ ಇಷ್ಟು ಉಳಿಸ್ಬಾರ್ದಾ!" ಎಂದು ನಗುತ್ತ ದೋಣಿಗೆ ಹೋದ.

ಎಲುಬಿ ಸತ್ತ ಮೀನುಗಳನ್ನು ಬಾಚಿ ತೆಗೆದಳು, ತೊಟ್ಟಿ ತೊಳೆದಳು. ಮನಸ್ಸು ಹಗುರಾಗಿತ್ತು. ತಮ್ಮನ ಅನ್ನ ಉಳಿದಿತ್ತು. ಇನ್ನು ಅವನಿಗೆ ನಾಲ್ಕು ಬೈಗುಳ ಬಾಕಿ. ಕೈ ಒರೆಸಿಕೊಳ್ಳುತ್ತ ಮರದ ಬುಡಕ್ಕೆ ಹೋದಳು.

"ಏಳೋ ಕುಡುಕ! ದೇವರ ಮುಂದೆ ಆಣೆ ಇಟ್ಟು..."

ಅವನ ಭುಜದ ಚರ್ಮದ ತುಂಬ ನೀಲಿಗಟ್ಟಿದ ಮಚ್ಚೆಗಳೆದ್ದಿದ್ದವು. ಅವಳ ಬೈಗುಳ ಅಲ್ಲೇ ನಿಂತಿತು. ಡ್ರಮ್ಮಿನೊಳಗಿನ ಮೀನು ಎಷ್ಟು ಬೇಗ ಮೇಲೆ ಬಂದಿತ್ತೋ, ಡ್ರಮ್ಮನ್ನು ತಬ್ಬಿಕೊಂಡಿದ್ದವನೂ ಅಷ್ಟೇ ಬೇಗ ಮೇಲೆ ಬಂದಿದ್ದ.

ಎಲುಬಿ ಬಗ್ಗಿ ತಮ್ಮನ ಬಾಯಿ ಮೂಸಿದಳು: ಸಾರಾಯಿಯ ವಾಸನೆ ಇರಲಿಲ್ಲ, ಉಸಿರೂ ಇರಲಿಲ್ಲ.